ದುಬಾರಿ ಎಚ್‌ಡಿಎಂಐ ಕೇಬಲ್‌ನಿಂದ ಚಿತ್ರ ಚೆನ್ನಾಗಿ ಬರುತ್ತಾ?

ಕಾಚಿಗೂಡದ ನಮ್ಮ ಬಾಡಿಗೆ ಮನೆಗೆ 4ಕೆ ಟಿವಿ ತಗೊಂಡಾಗ ಅಂಗಡಿಯವರು 6,000 ರೂಪಾಯಿಯ ಕೇಬಲ್ ತೋರಿಸಿ, ‘ಬಣ್ಣ ಇನ್ನೂ ಚೆನ್ನಾಗಿ ಬರುತ್ತೆ’ ಅಂದ್ರು. ನಾನು ತಗೊಳ್ಳಲಿಲ್ಲ. ಯಾಕೆ ಅಂತ ಹೇಳ್ತೀನಿ.

ಹಳೇ ಆಂಟೆನಾ ಕಾಲದಲ್ಲಿ ಸಿಗ್ನಲ್ ಕುಗ್ಗಿದಷ್ಟೂ ಚಿತ್ರ ಮಸುಕಾಗ್ತಿತ್ತು. ಎಚ್‌ಡಿಎಂಐನಲ್ಲಿ ಹೋಗೋದು ಬರೀ ಸೊನ್ನೆ, ಒಂದು. ಅವು ಸರಿಯಾಗಿ ತಲುಪಿದ್ರೆ 500 ರೂಪಾಯಿಯ ಕೇಬಲ್ಲೂ ಅದೇ ಚಿತ್ರ ಕೊಡುತ್ತೆ. ತಲುಪದಿದ್ರೆ ಬಣ್ಣ ಮಂಕಾಗಲ್ಲ. ಚುಕ್ಕೆಗಳು ಮಿಣುಕುತ್ತವೆ, ಪರದೆ ಆಗಾಗ ಕಪ್ಪಾಗುತ್ತೆ.

ಹಾಗಾದ್ರೆ ನೋಡಬೇಕಾದ್ದು ಎರಡೇ: ವೇಗ ಮತ್ತು ಉದ್ದ. 4ಕೆ 60 ಹರ್ಟ್ಸ್‌ಗೆ 18 ಜಿಬಿಪಿಎಸ್‌ನ ‘ಪ್ರೀಮಿಯಂ ಹೈ ಸ್ಪೀಡ್’ ಸಾಕು. 120 ಹರ್ಟ್ಸ್ ಗೇಮಿಂಗ್ ಇದ್ರೆ 48 ಜಿಬಿಪಿಎಸ್‌ನ ‘ಅಲ್ಟ್ರಾ ಹೈ ಸ್ಪೀಡ್’ ತಗೊಳ್ಳಿ. ಪ್ಯಾಕ್ ಮೇಲಿನ ಸರ್ಟಿಫಿಕೇಶನ್ ಲೇಬಲ್ ಸ್ಕ್ಯಾನ್ ಮಾಡೋದು ಮರೀಬೇಡಿ.

ಪ್ರೊಜೆಕ್ಟರ್‌ಗೆ ಗೋಡೆ ಸುತ್ತಿ 10 ಮೀಟರ್ ಎಳೀಬೇಕಾ? ಅಲ್ಲಿ ಮಾತ್ರ ದುಡ್ಡು ಹಾಕಿ, ಆಪ್ಟಿಕಲ್ ಕೇಬಲ್ ತಗೊಳ್ಳಿ. ತಾಮ್ರದಲ್ಲಿ ಅಷ್ಟು ದೂರಕ್ಕೆ ಸಿಗ್ನಲ್ ಕ್ಷೀಣಿಸುತ್ತೆ.

ಬಣ್ಣ ಸರಿ ಕಾಣ್ತಿಲ್ವಾ? ಕೇಬಲ್ ಬಿಟ್ಟು ಸೆಟ್ಟಿಂಗ್ಸ್‌ಗೆ ಹೋಗಿ, ‘ವಿವಿಡ್’ ಬದಲು ‘ಸಿನಿಮಾ’ ಮೋಡ್ ಹಾಕಿ. ಖರ್ಚು ಸೊನ್ನೆ. ಉಳಿದ ದುಡ್ಡಲ್ಲಿ ಕಾಚಿಗೂಡ ಸ್ಟೇಷನ್‌ನಿಂದ ಊರಿಗೆ ಹೋಗಿ ಬನ್ನಿ.