ಸಭೆಯಲ್ಲಿ ಇಲ್ಲದ ಕೇಳುಗ

1950ರ ಮೇ 22ರ ಸಂಜೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರಾಸ್‌ನ ನಾಲ್ಕು ಹಾಡುಗಳು ಮೊದಲ ಸಲ ಜನರ ಕಿವಿಗೆ ಬೀಳುವುದಿತ್ತು. ಹಾಡಲು ನಿಂತದ್ದು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಮುಂದೆ ಕೋಲು ಹಿಡಿದದ್ದು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಸಭೆಯೇನೋ ಸೇರಿತ್ತು, ಆದರೆ ಅಲ್ಲಿ ಇರಲೇಬೇಕಿದ್ದ ಮೂವರು ಇರಲಿಲ್ಲ.

ಸ್ಟ್ರಾಸ್ ಹಿಂದಿನ ಸೆಪ್ಟೆಂಬರಿನಲ್ಲೇ, ತನ್ನ 85ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ‘ನಾಲ್ಕು ಕೊನೆಯ ಗೀತೆಗಳು’ ಎಂಬ ಹೆಸರನ್ನು ಕೂಡ ಅವನು ಸತ್ತ ಮೇಲೆ ಪ್ರಕಾಶಕರು ಇಟ್ಟರು. ಅವನ ಹೆಂಡತಿ ಪಾಲೀನ್, ಒಂದು ಕಾಲಕ್ಕೆ ತಾನೂ ಹೆಸರಾಂತ ಗಾಯಕಿ, ಕಾರ್ಯಕ್ರಮಕ್ಕೆ ಬರೀ ಒಂಬತ್ತು ದಿನ ಮುಂಚೆ ಕಣ್ಮುಚ್ಚಿದ್ದಳು. ಮೂರನೆಯವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಕಾರ್ಯಕ್ರಮ ನಡೆಯಲೆಂದು 4,800 ಡಾಲರ್‌ಗಳ ಹೊಣೆ ಹೊತ್ತವರು ಅವರೇ. ಹೋಗಿ ಕೇಳಲು ಆಗಲಿಲ್ಲ. ಆದ್ದರಿಂದ ಅವರ ಕೋರಿಕೆ ಒಂದೇ: ಹಾಡಿದ್ದನ್ನು ಮುದ್ರಿಸಿ, ಪ್ಲೇಟು ಮೈಸೂರಿಗೆ ಕಳಿಸಬೇಕು.

ಸಂಗೀತ ಕೇಳಿದವರು ಏನು ಮಾಡುತ್ತಾರೆ? ಚಪ್ಪಾಳೆ ತಟ್ಟುತ್ತಾರೆ, ತಲೆದೂಗುತ್ತಾರೆ, ಹೊರಗೆ ಬಂದು ವಾದಿಸುತ್ತಾರೆ. ಒಡೆಯರ್ ಮಾಡಿದ್ದು ಬೇರೆ. ತಾವು ಕೇಳಬೇಕೆಂದುಕೊಂಡ ಸಂಗೀತ ಎಲ್ಲೂ ಸಿಗದಿದ್ದರೆ ಅದನ್ನು ಹುಟ್ಟಿಸುವ ಏರ್ಪಾಡನ್ನೇ ಮಾಡಿಬಿಡುತ್ತಿದ್ದರು.

ಚಿಕ್ಕಂದಿನಿಂದ ಪಿಯಾನೊ ಕಲಿತವರು ಅವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ ಅವರ ಹೆಸರಿಗಿತ್ತು. ರಷ್ಯದ ಸೆರ್ಗೆಯ್ ರಾಖ್ಮಾನಿನಾಫ್ ಬಳಿ ಕಲಿತು ವೇದಿಕೆಯ ಪಿಯಾನೊ ವಾದಕನಾಗುವ ಆಸೆ ಇತ್ತು. 1940ರಲ್ಲಿ ಆ ಆಸೆ ಮುಗಿಯಿತು. ಮಾರ್ಚಿನಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಹೋದರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. 21ರ ಹುಡುಗ ಸಿಂಹಾಸನ ಏರಬೇಕಾಯಿತು.

ಬೆರಳಿಗೆ ಸಿಗದೆ ಹೋದದ್ದನ್ನು ಅವರು ಕಿವಿಯಲ್ಲಿ ಹುಡುಕಿದರು. ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಟ್ಟಿದ ಇಂಗ್ಲಿಷ್ ರೆಕಾರ್ಡಿಂಗ್ ನಿರ್ಮಾಪಕ ವಾಲ್ಟರ್ ಲೆಗ್ ಒಮ್ಮೆ ಅವರ ಅತಿಥಿಯಾಗಿ ಮೈಸೂರಿಗೆ ಬಂದ. ಒಂದು ಅರಮನೆಯಲ್ಲಿ ಬಗೆಬಗೆಯ ಧ್ವನಿವರ್ಧಕಗಳು, ಹಲವು ದೊಡ್ಡ ಪಿಯಾನೊಗಳು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಆವರೆಗೆ ಮುದ್ರಣಗೊಂಡ ಸರಿಸುಮಾರು ಎಲ್ಲ ಪ್ಲೇಟುಗಳೂ ಇದ್ದವು ಎಂದು ಅವನು ಬೆರಗಾಗಿ ನೆನೆಸಿಕೊಂಡಿದ್ದಾನೆ. ಸಂಗ್ರಹ ಸುಮಾರು 20,000 ಪ್ಲೇಟುಗಳದ್ದು ಎಂಬ ಅಂದಾಜಿತ್ತು.

ಅರಗಿನ ಆ ಪ್ಲೇಟುಗಳನ್ನು ಕೇಳುವುದೂ ಒಂದು ಕೆಲಸವೇ. ಹನ್ನೆರಡು ಅಂಗುಲದ ಪ್ಲೇಟಿನ ಒಂದು ಮಗ್ಗುಲಲ್ಲಿ ನಾಲ್ಕೂವರೆ ನಿಮಿಷದಷ್ಟು ಸಂಗೀತ. ಅರ್ಧ ಗಂಟೆಯ ಕೃತಿಗೆ ಏಳೆಂಟು ಸಲ ಏಳಬೇಕು, ಪ್ಲೇಟು ತಿರುಗಿಸಬೇಕು, ಮುಳ್ಳನ್ನು ಮತ್ತೆ ಗೀರಿನ ಮೇಲೆ ಕೂರಿಸಬೇಕು. ನಡುವೆ ಕಡಿದುಹೋದ ಎಳೆಯನ್ನು ಕೇಳುಗನೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು.

ಹೀಗೆ ಒಬ್ಬಂಟಿಯಾಗಿ ಕೇಳುವುದು ಆ ಕಾಲಕ್ಕೆ ಹೊಸದು. ಅದಕ್ಕೂ ಮೊದಲು ಕೇಳುಗ ಮತ್ತು ಸಂಗೀತಗಾರ ಎದುರಾಬದುರಾಗಿಯೇ ಇರಬೇಕಿತ್ತು. 1778ರ ಜೂನಿನಲ್ಲಿ ಪ್ಯಾರಿಸ್ಸಿನಲ್ಲಿ ಮೊಜಾರ್ಟ್‌ನ ಹೊಸ ಸಿಂಫನಿ ನುಡಿದಾಗ ಜನ ಮುಗಿಯುವವರೆಗೆ ಕಾಯದೆ ನಡುವೆಯೇ ಚಪ್ಪಾಳೆ ಹೊಡೆದರು. ಇಂಥ ಕಡೆ ಹೊಡೆಯುತ್ತಾರೆಂದು ಮೊದಲೇ ಗೊತ್ತಿದ್ದ ಅವನು ಆ ಭಾಗವನ್ನು ಕೊನೆಗೆ ಇನ್ನೊಮ್ಮೆ ತಂದಿಟ್ಟಿದ್ದ. ಆ ಖುಷಿಯಲ್ಲಿ ಹೊರಗೆ ಹೋಗಿ ಐಸ್‌ಕ್ರೀಮ್ ತಿಂದೆ ಎಂದು ಅಪ್ಪನಿಗೆ ಕಾಗದ ಬರೆದ. ಇಂದು ಯುರೋಪಿನ ಸಭಾಂಗಣಗಳಲ್ಲಿ ಸಿಂಫನಿಯ ಎರಡು ಭಾಗಗಳ ನಡುವೆ ಯಾರಾದರೂ ಚಪ್ಪಾಳೆ ತಟ್ಟಿದರೆ ಅಕ್ಕಪಕ್ಕದವರು ಹೊರಳಿ ನೋಡುತ್ತಾರೆ.

ನಮ್ಮ ಕಛೇರಿಗಳಲ್ಲಿ ಆ ಮೌನ ಇನ್ನೂ ಬಂದಿಲ್ಲ. 1939ರಲ್ಲಿ ಶುರುವಾದ ರಾಮನವಮಿ ಸಂಗೀತೋತ್ಸವಕ್ಕೆಂದು ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಹಾಕುವ ಪೆಂಡಾಲಿನಲ್ಲಿ ಒಂದು ಸಂಜೆ ಕೂತರೆ ಸಾಕು. ಆಲಾಪನೆಯ ಮೊದಲ ನಾಲ್ಕು ಸ್ವರ ಬೀಳುವಷ್ಟರಲ್ಲಿ ಮೂರನೇ ಸಾಲಿನಿಂದ ರಾಗದ ಹೆಸರು ಪಿಸುಮಾತಾಗಿ ಹೊರಡುತ್ತದೆ. ತೊಡೆಗಳ ಮೇಲೆ ಆದಿತಾಳ. ಯಾರದಾದರೂ ಎಣಿಕೆ ಅರ್ಧ ಅಕ್ಷರ ಜಾರಿದರೆ ಪಕ್ಕದವರ ಕಣ್ಣಂಚಿನಲ್ಲಿ ಸಣ್ಣ ನಗೆ. ಸಂಗತಿಯೊಂದು ಚೆನ್ನಾಗಿ ಕೂತರೆ ‘ಭೇಷ್’. ಮೃದಂಗದ ತನಿ ಆವರ್ತನ ಶುರುವಾದದ್ದೇ ತಡ, ಒಂದಷ್ಟು ಮಂದಿ ಕಾಫಿಗೆ ಎದ್ದು ಹೋಗುತ್ತಾರೆ. ಅದೂ ಒಂದು ಅಭಿಪ್ರಾಯವೇ, ಮೃದಂಗದವರು ಬೈದುಕೊಂಡರೂ ಕೂಡ. ಈ ತಲೆದೂಗು, ಈ ಎದ್ದುಹೋಗುವಿಕೆ ಎರಡೂ ವೇದಿಕೆಯ ಮೇಲಿರುವವರಿಗೆ ಆ ಕ್ಷಣವೇ ಮುಟ್ಟುತ್ತವೆ.

ಪ್ಲೇಟಿನ ಮುಂದೆ ಕೂತ ರಸಿಕ ಭೇಷ್ ಎಂದರೆ ಯಾರಿಗೆ ಕೇಳಬೇಕು? ಒಡೆಯರ ಭೇಷ್ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಬಡಾವಣೆಯ ಒಂದು ಮನೆಗೆ ಕೇಳಿಸಿತು. ಅಲ್ಲಿದ್ದವನು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಪಿಯಾನೊ ವಾದಕ, ರಾಖ್ಮಾನಿನಾಫ್‌ನ ಆಪ್ತ ಗೆಳೆಯ. ಇಬ್ಬರೂ ಒಬ್ಬರಿಗೊಬ್ಬರು ಒಂದೊಂದು ಪಿಯಾನೊ ಕಂಚೆರ್ಟೊ ಅರ್ಪಿಸಿದ್ದರು. 1921ರಲ್ಲಿ ರಷ್ಯ ಬಿಟ್ಟ ಮೆಟ್ನರ್ ಜರ್ಮನಿ, ಫ್ರಾನ್ಸ್ ಸುತ್ತಿ ಇಂಗ್ಲೆಂಡಿಗೆ ಬಂದ. ಹೊಸ ಶತಮಾನದ ಹೊಸ ನಾದಗಳು ಅವನಿಗೆ ಒಗ್ಗಲಿಲ್ಲ. ಅವುಗಳ ವಿರುದ್ಧ ಒಂದು ಪುಸ್ತಕವನ್ನೇ ಬರೆದ. ಜನರ ಕಿವಿ ಅತ್ತ ಹೊರಳಿತು, ಅವನು ಇತ್ತಲೇ ಉಳಿದ. ಯುದ್ಧ ಬಂದು ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. 1942ರಲ್ಲಿ ಹೃದಯಾಘಾತವೂ ಆಯಿತು.

ಇಂಥವನ ಕೃತಿಗಳನ್ನು ಅವನ ಕೈಯಲ್ಲೇ ನುಡಿಸಿ ಮುದ್ರಿಸಬೇಕು ಎಂದು ಹೊರಟವರು ದೂರದ ಮೈಸೂರಿನ ಅರಸು. ಅವರು ಕೊಟ್ಟ ಹಣದಿಂದ ಲಂಡನ್ನಿನಲ್ಲಿ ‘ಮೆಟ್ನರ್ ಸೊಸೈಟಿ’ ಹುಟ್ಟಿತು. 1940ರ ದಶಕ ಮುಗಿಯುವಷ್ಟರಲ್ಲಿ ಎಚ್‌ಎಂವಿ ಕಂಪನಿ ಅವನ ಮೂರೂ ಕಂಚೆರ್ಟೊಗಳನ್ನು, ಒಂದಷ್ಟು ಸೊನಾಟಾ, ಹಾಡುಗಳನ್ನು ಮುದ್ರಿಸಿತ್ತು. ಎಲ್ಲದರಲ್ಲೂ ಪಿಯಾನೊದ ಮುಂದೆ ಕೂತವನು ಮೆಟ್ನರ್. ಕೆಲವು ಹಾಡುಗಳಿಗೆ ದನಿ ಕೊಟ್ಟವಳು ಮುಂದೆ ಜಗತ್ಪ್ರಸಿದ್ಧಳಾದ ಎಲಿಜಬೆತ್ ಶ್ವಾರ್ಟ್ಸ್‌ಕೋಫ್. ತನ್ನ ಮೂರನೆಯ ಕಂಚೆರ್ಟೊವನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರ ನವೆಂಬರಿನಲ್ಲಿ ತೀರಿಕೊಂಡ. ಹತ್ತಾರು ವರ್ಷ ಯಾರೂ ಅವನನ್ನು ಹೆಚ್ಚು ಕೇಳಲಿಲ್ಲ. 1990ರ ದಶಕದಲ್ಲಿ ಮಾರ್ಕ್-ಆಂದ್ರೆ ಹ್ಯಾಮಲಿನ್‌ನಂಥ ಪಿಯಾನೊ ವಾದಕರು ಅವನ ಸೊನಾಟಾಗಳನ್ನು ಮತ್ತೆ ಎತ್ತಿಕೊಂಡರು. ಮೆಟ್ನರ್ ಇದನ್ನು ಹೇಗೆ ನುಡಿಸುತ್ತಿದ್ದ ಎಂಬ ಪ್ರಶ್ನೆ ಬಂದಾಗಲೆಲ್ಲ ಮುಖ್ಯವಾಗಿ ಕಿವಿಗೊಡಬೇಕಾದದ್ದು ಮೈಸೂರಿನ ಹಣದಿಂದ ಆದ ಆ ಪ್ಲೇಟುಗಳಿಗೆ.

ಲೆಗ್‌ನ ವಾದ್ಯವೃಂದವೂ ಅದೇ ಕೈಯ ನೆರಳಲ್ಲಿ ಬೆಳೆಯಿತು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಒಡೆಯರ್ ಒಪ್ಪಿದ್ದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದರು.

ಈ ನಡುವೆಯೇ ಅವರ ಕಿವಿ ಮನೆಯತ್ತ ಹೊರಳಿತ್ತು. ಆಸ್ಥಾನದಲ್ಲಿ ಮೈಸೂರು ವಾಸುದೇವಾಚಾರ್ಯರಂಥ ಹಿರಿಯ ವಾಗ್ಗೇಯಕಾರರಿದ್ದರು, ವೀಣೆಯ ವೆಂಕಟಗಿರಿಯಪ್ಪನವರಿದ್ದರು. ಪಿಯಾನೊ ವಾದಕನಾಗಲು ಹೊರಟಿದ್ದ ಮಹಾರಾಜರು ಸಂಸ್ಕೃತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದರು. ಶ್ರೀವಿದ್ಯೆಯ ಉಪಾಸಕರಾದ್ದರಿಂದ ಅಂಕಿತವೂ ‘ಶ್ರೀವಿದ್ಯಾ’. ದುರ್ವಾಂಕಿಯಂಥ ಅಪರೂಪದ ರಾಗಗಳನ್ನೇ ಹುಡುಕಿ ಆರಿಸಿಕೊಂಡರು.

ಮೆಟ್ನರ್‌ಗಾದದ್ದೇ ಇಲ್ಲೂ ಆಯಿತು. 1974ರಲ್ಲಿ ಒಡೆಯರ್ ತೀರಿಕೊಂಡಾಗ ಅವರ ಕೃತಿಗಳು ಕೆಲವೇ ವಿದ್ವಾಂಸರ ಬಾಯಲ್ಲಿದ್ದವು. ಅಷ್ಟೂ ಕೃತಿಗಳು ಸ್ವರಪ್ರಸ್ತಾರದೊಂದಿಗೆ ‘ಶ್ರೀವಿದ್ಯಾ ಗಾನ ವಾರಿಧಿ’ ಎಂಬ ಪುಸ್ತಕವಾಗಿ ಹೊರಬರಲು 2010ರವರೆಗೆ ಕಾಯಬೇಕಾಯಿತು. ಸಂಪಾದಿಸಿದವರು ವಾಸುದೇವಾಚಾರ್ಯರ ಮೊಮ್ಮಗ ಎಸ್. ಕೃಷ್ಣಮೂರ್ತಿ.

ಆಲ್ಬರ್ಟ್ ಹಾಲಿನ ಆ ಸಂಜೆಯ ಮುದ್ರಣವೂ ಉಳಿದುಕೊಂಡಿದೆ. ಸವೆದ ಪ್ಲೇಟಿನಿಂದ ಎತ್ತಿದ್ದು; ತಗಡಿನ ಮಾಡಿನ ಮೇಲೆ ಮಳೆ ಬಿದ್ದಂತೆ ಸದ್ದು, ಅದರಡಿಯಿಂದ ಫ್ಲಾಗ್‌ಸ್ಟಾಡ್ ದನಿ ಮೇಲೇಳುತ್ತದೆ. ಇಂದಿನ ಕಿವಿಗೆ ಮೊದಲ ಎರಡು ನಿಮಿಷ ಕಷ್ಟ, ಆಮೇಲೆ ಮಳೆ ಮರೆತುಹೋಗುತ್ತದೆ.

ಒಡೆಯರ ಗಂಭೀರನಾಟ ರಾಗದ ‘ಶ್ರೀ ಜಾಲಂಧರ’ ಈಗ ಕಛೇರಿಗಳಲ್ಲಿ ಆಗಾಗ ಕೇಳಸಿಗುತ್ತದೆ. ಪಲ್ಲವಿ ಎತ್ತುತ್ತಿದ್ದಂತೆ ತೊಡೆಗಳ ಮೇಲೆ ಕೈಗಳು ಚುರುಕಾಗುತ್ತವೆ. ‘ಮುತ್ತುಸ್ವಾಮಿ ದೀಕ್ಷಿತರ ಕೃತಿಯಾ?’ ಎಂದು ಒಬ್ಬರು ಪಕ್ಕಕ್ಕೆ ಬಾಗಿ ಕೇಳುತ್ತಾರೆ. ‘ಅಲ್ಲ, ನಮ್ಮ ಮಹಾರಾಜರದು’ ಎಂದು, ತಾಳ ಬಿಡದೆ, ಉತ್ತರ ಬರುತ್ತದೆ.