ತಲೆಯ ಮೇಲಿನ ಗಂಟು: ಅಂಜಿಕೆಯೂ ಬೇಡ, ಅಲಕ್ಷ್ಯವೂ ಬೇಡ

ದಂಪತಿಗಳೇ,

ತನ್ನ ನೆತ್ತಿಯನ್ನು ತಾನೇ ಕಾಣುವುದು ಯಾರಿಗೂ ಸಾಧ್ಯವಿಲ್ಲ. ಎಣ್ಣೆ ಹಚ್ಚುವಾಗಲೋ ತಲೆ ಬಾಚುವಾಗಲೋ ಅಲ್ಲಿರುವ ಗಂಟು ಪತಿಯ ಅಥವಾ ಪತ್ನಿಯ ಕೈಗೇ ಮೊದಲು ತಗಲುತ್ತದೆ. ಆಗ ಗಾಬರಿಪಡಬೇಡಿ; ತುರುಬಿನ ಕೆಳಗೆ ಅಡಗಿಸಿಯೂ ಇಡಬೇಡಿ.

ತಲೆಯ ಗಂಟುಗಳಲ್ಲಿ ಬಹುಪಾಲು ನಿರಪಾಯಕರವಾದವು. ಅವುಗಳಲ್ಲಿ ಸಾಮಾನ್ಯವಾದದ್ದು ಕೂದಲಿನ ಬುಡದಿಂದ ಹುಟ್ಟುವ ಚೀಲದಂತಹ ಗಂಟು. ನುಣುಪಾಗಿ, ಗುಂಡಗೆ, ಬೆರಳಿಗೆ ಜರುಗುವಂತಿದ್ದು, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಒಳಗಿರುವುದು ಕೀವಲ್ಲ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ವಸ್ತು. ಮೆತ್ತಗಿರುವ ಕೊಬ್ಬಿನ ಗಡ್ಡೆಯೂ ಕೆಲವರಲ್ಲಿ ಕಂಡುಬರುತ್ತದೆ.

ಇದು ಅಂಟುರೋಗವಲ್ಲ. ಚೀಲದ ಗಂಟು ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ, ತಂದೆಯಿಂದಾಗಲಿ ತಾಯಿಯಿಂದಾಗಲಿ ಮಕ್ಕಳಿಗೆ ಬರುತ್ತದೆ. ಆದುದರಿಂದ ಸೊಸೆಯನ್ನು ದೂಷಿಸುವುದೂ, ಹೆಣ್ಣುಮಗಳ ವಿವಾಹಕ್ಕೆ ಇದನ್ನು ಅಡ್ಡಿಯೆನ್ನುವುದೂ ತಪ್ಪು.

ಗಂಟನ್ನು ಹಿಂಡುವುದು, ಸೂಜಿಯಿಂದ ಚುಚ್ಚುವುದು, ಸುಣ್ಣ ಹಚ್ಚುವುದು, ಬರೆ ಹಾಕುವುದು ಕೂಡದು. ಇವುಗಳಿಂದ ನಂಜೇರಿ ಕೀವಾಗುತ್ತದೆ. ಚೀಲ ಒಳಗೇ ಉಳಿದರೆ ಗಂಟು ಮತ್ತೆ ತುಂಬಿಕೊಳ್ಳುತ್ತದೆ.

ತೊಂದರೆ ಕೊಡದ ಗಂಟನ್ನು ವೈದ್ಯರು ಪರೀಕ್ಷಿಸಿದ ಮೇಲೆ ಹಾಗೆಯೇ ಬಿಡಬಹುದು. ನೋಯುತ್ತಿದ್ದರೆ, ಬೈಕಿನ ಹೆಲ್ಮೆಟ್ಟಿಗೋ ತಲೆಹೊರೆಗೋ ಉಜ್ಜುತ್ತಿದ್ದರೆ ತೆಗೆಸಬಹುದು. ಆ ಜಾಗವನ್ನಷ್ಟೇ ಚುಚ್ಚುಮದ್ದಿನಿಂದ ಮರಗಟ್ಟಿಸಿ, ಚಿಕ್ಕದಾಗಿ ಕೊಯ್ದು, ಚೀಲಸಮೇತ ಹೊರತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು. ಹೊಲಿಗೆಯನ್ನು 7ರಿಂದ 10 ದಿನಗಳಲ್ಲಿ ಬಿಚ್ಚುತ್ತಾರೆ. ಕೀವಾಗಿದ್ದರೆ ಮೊದಲು ಅದನ್ನು ಗುಣಪಡಿಸಿ, ಕೆಲವು ವಾರಗಳ ನಂತರ ಚೀಲವನ್ನು ತೆಗೆಯುವರು. ತೆಗೆದ ಗಂಟನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಈ ಲಕ್ಷಣಗಳಿದ್ದರೆ ತಡಮಾಡಬೇಡಿ:

1. ಕೆಲವೇ ವಾರಗಳಲ್ಲಿ ಶೀಘ್ರವಾಗಿ ಬೆಳೆಯುವುದು.
2. ಮಾಯದ ಹುಣ್ಣಾಗುವುದು, ರಕ್ತ ಒಸರುವುದು.
3. ಗಟ್ಟಿಯಾಗಿ, ಬುರುಡೆಗೆ ಅಂಟಿಕೊಂಡಂತಿರುವುದು.
4. ಕತ್ತಿನಲ್ಲಿಯೂ ಗಂಟುಗಳು ಕಾಣಿಸುವುದು.

ಹುಟ್ಟಿನಿಂದಲೇ ಮಗುವಿನ ತಲೆಯ ಮೇಲಿರುವ ಗಂಟನ್ನು ಒತ್ತಲೇಬೇಡಿ. ಅಂಥದು ಕೆಲವೊಮ್ಮೆ ಬುರುಡೆಯ ಒಳಭಾಗಕ್ಕೆ ಸೇರಿಕೊಂಡಿರುತ್ತದೆ. ಸ್ಕ್ಯಾನ್ ಮಾಡಿಸದೆ ಅದಕ್ಕೆ ಕತ್ತರಿ ತಾಗಿಸಬಾರದು.

ಸಿಂಗಸಂದ್ರದ ಸುತ್ತಮುತ್ತಲಿನವರು ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ಅಗತ್ಯವಿದ್ದರೆ ವೈದ್ಯರೇ ಜಯನಗರದ ಸಾರ್ವಜನಿಕ ಆಸ್ಪತ್ರೆಗೋ, ಸಂಶಯವಿದ್ದಲ್ಲಿ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೋ ಚೀಟಿ ಬರೆದು ಕಳುಹಿಸುವರು.

ಮುಂದಿನ ಬಾರಿ ಎಣ್ಣೆ ಹಚ್ಚುವಾಗ ಒಬ್ಬರ ತಲೆಯನ್ನೊಬ್ಬರು ಬೆರಳಾಡಿಸಿ ನೋಡಿರಿ. ಸಂಸಾರದ ಆರೋಗ್ಯರಕ್ಷಣೆಯಲ್ಲಿ ಇದೂ ಒಂದು ಕರ್ತವ್ಯವೇ.