ಮೊಬೈಲ್ ಸ್ಟಾರ್ಟರ್‌ಗೆ ಸಿಮ್ ಹಾಕೋ ಮುಂಚೆ ಟವರ್ ಯಾವ 'ಜಿ' ಅಂತ ನೋಡಿ

ಹೋದ ಬೇಸಿಗೆಯಲ್ಲಿ ಮೂರು ದಿನ ನನ್ನ ಟೊಮೆಟೊಗೆ ನೀರು ಬೀಳಲಿಲ್ಲ. ಬೋರ್‌ವೆಲ್‌ನಲ್ಲಿ ನೀರಿತ್ತು, ಥ್ರೀ ಫೇಸ್ ಕರೆಂಟೂ ಬರ್ತಿತ್ತು. ನಾನು ಸಂಬಂಧಿಕರ ಮದುವೆಗೆ ಹೋಗಿದ್ದೆ. ಹೊರಡುವ ಹಿಂದಿನ ದಿನ ಮೊಬೈಲ್ ಸ್ಟಾರ್ಟರ್‌ನಲ್ಲಿದ್ದ ಸಿಮ್ ತೆಗೆದು, ರೀಚಾರ್ಜ್ ಉಳಿಯುತ್ತೆ ಅಂತ ಮನೆಯಲ್ಲಿದ್ದ ಬೇರೆ ಕಂಪನಿಯ ಸಿಮ್ ಹಾಕಿದ್ದೆ. ಅದೇ ಸಿಮ್ ಫೋನಿನಲ್ಲಿ ಫುಲ್ ಸಿಗ್ನಲ್ ತೋರಿಸ್ತಿತ್ತಲ್ಲ, ಸಾಕು ಅಂದ್ಕೊಂಡೆ. ಪಂಪ್‌ಗೆ ಫೋನ್ ಮಾಡಿದ್ರೆ 'ಸ್ವಿಚ್ ಆಫ್'. ಕರೆಂಟ್ ಹೋಗಿರಬೇಕು ಅಂತ ಎರಡು ದಿನ ಸುಮ್ಮನಿದ್ದೆ. ಆಮೇಲೆ ಬಂದ ಕಾಯಿಗಳ ತುದಿ ಕಪ್ಪಾಯ್ತು. ಅದು ರೋಗ ಅಲ್ಲ, ನೀರು ಏರುಪೇರಾಗಿ ಕಾಯಿಗೆ ಕ್ಯಾಲ್ಸಿಯಂ ಸಿಗದಿದ್ದಕ್ಕೆ ಬರುವ ತುದಿ ಕೊಳೆ. ಔಷಧಿ ಹೊಡೆದು ಪ್ರಯೋಜನ ಇಲ್ಲ.

ತಪ್ಪು ಸಿಮ್ ಕಂಪನಿಯದಲ್ಲ, ನನ್ನದೇ. ನನ್ನ ಸ್ಟಾರ್ಟರ್ ಪೆಟ್ಟಿಗೆ ಬರೀ 2ಜಿಯದು, ಹಾಕಿದ ಸಿಮ್‌ನಲ್ಲಿ 2ಜಿಯೇ ಇಲ್ಲ.

ಇದು ಯಾಕೆ ಹೀಗೆ ಅಂದ್ರೆ, ಹೊಸ ತಂತ್ರಜ್ಞಾನಕ್ಕೆ ಹೋಗೋಕೆ ಒಂದೊಂದು ಕಂಪನಿ ಒಂದೊಂದು ದಾರಿ ಹಿಡಿದಿದೆ. ಜಿಯೋ 2016ರಲ್ಲಿ ಶುರುವಾದಾಗಲೇ ಬರೀ 4ಜಿ ಇಟ್ಟುಕೊಂಡು ಬಂತು. ಅದರಲ್ಲಿ ಮಾತೂ ಇಂಟರ್ನೆಟ್ ಮೂಲಕವೇ ಹೋಗುತ್ತೆ, ಅದನ್ನೇ ವೋಲ್ಟೆ ಅನ್ನೋದು. ಏರ್‌ಟೆಲ್ 2020ರ ಹೊತ್ತಿಗೆ 3ಜಿ ಮುಚ್ಚಿತು, ಆದರೆ 2ಜಿ ಉಳಿಸಿಕೊಂಡಿತು. ಕೀಪ್ಯಾಡ್ ಫೋನ್ ಗಿರಾಕಿಗಳು ಇನ್ನೂ ಅದರ ಮೇಲಿದ್ದಾರೆ, ನಮ್ಮ ಪಂಪ್‌ಸೆಟ್ ಪೆಟ್ಟಿಗೆಗಳೂ ಅಷ್ಟೇ. ಬಿಎಸ್‌ಎನ್‌ಎಲ್ ವಿದೇಶಿ ಉಪಕರಣ ಬಿಟ್ಟು ಟಿಸಿಎಸ್, ಸಿ-ಡಾಟ್, ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸೇರಿ ಮಾಡಿದ ಸ್ವದೇಶಿ 4ಜಿಗೆ ಕಾಯ್ತು. ಅದಕ್ಕೇ ತಡವಾಯ್ತು.

5ಜಿಯಲ್ಲೂ ಇದೇ ಕಥೆ. 2022ರ ಹರಾಜಿನಲ್ಲಿ ಜಿಯೋ ದೇಶದ 22 ವಲಯಗಳಲ್ಲೂ 700 ಮೆಗಾಹರ್ಟ್ಸ್ ತರಂಗ ಕೊಂಡು, 4ಜಿ ಆಸರೆ ಬೇಡದ 'ಸ್ಟ್ಯಾಂಡ್‌ಅಲೋನ್' 5ಜಿ ಕಟ್ಟಿತು. ಏರ್‌ಟೆಲ್ 700 ಕೊಳ್ಳಲಿಲ್ಲ, ಇದ್ದ 4ಜಿ ಮೇಲೇ 5ಜಿ ಕೂರಿಸಿತು. ಹಳೇ ಮನೆ ಮೇಲೆ ಮಹಡಿ ಎತ್ತಿದ ಹಾಗೆ, ಖರ್ಚು ಕಮ್ಮಿ, ಕೆಲಸ ಬೇಗ. ತೋಟದವರಿಗೆ ಮುಖ್ಯ ವಿಷಯ ಬೇರೆ: 700, 900ರಂಥ ಕೆಳಗಿನ ತರಂಗ ದೂರ ಹೋಗುತ್ತೆ, ತೆಂಗು, ಅಡಿಕೆ ಮರೆಯಲ್ಲೂ ಪರವಾಗಿಲ್ಲ. 5ಜಿಯ ವೇಗ ಕೊಡೋ 3300 ಮೆಗಾಹರ್ಟ್ಸ್ ಟವರ್ ಹತ್ತಿರ ಮಾತ್ರ ಚೆನ್ನ. ಮೋಟಾರ್ ಆನ್, ಆಫ್ ಮಾಡೋಕೆ 5ಜಿ ಬೇಕಾಗೂ ಇಲ್ಲ, '5ಜಿ ಸ್ಟಾರ್ಟರ್' ಅಂತ ಯಾರಾದ್ರೂ ಹೆಚ್ಚು ದುಡ್ಡು ಕೇಳಿದ್ರೆ ಕೊಡಬೇಡಿ.

2ಜಿ ಎಷ್ಟು ದಿನ? 2024ರಲ್ಲಿ ಜಿಯೋ, 2ಜಿ ಮತ್ತು 3ಜಿ ಮುಚ್ಚೋ ನೀತಿ ತನ್ನಿ ಅಂತ ಟ್ರಾಯ್‌ಗೆ ಬರೆದು ಕೊಟ್ಟಿತ್ತು. ಈಗ ಹೊಸದಾಗಿ ಬರೀ 2ಜಿ ಪೆಟ್ಟಿಗೆ ಕೊಳ್ಳೋದು ನನ್ನ ಪ್ರಕಾರ ದಂಡ. ಅಂಗಡಿಯಲ್ಲಿ '4ಜಿ ಇದೆಯಾ' ಅಂತ ಮಾತ್ರ ಕೇಳಬೇಡಿ. ವೋಲ್ಟೆ ಕಾಲ್ ತಗೊಳ್ಳುತ್ತಾ, 4ಜಿ ಸಿಗದಿದ್ರೆ 2ಜಿಗೆ ಇಳಿಯುತ್ತಾ, ಎರಡೂ ಕೇಳಿ.

ಅದಕ್ಕೂ ಮುಂಚೆ ನಿಮ್ಮ ಆಂಡ್ರಾಯ್ಡ್ ಫೋನ್ ಹಿಡ್ಕೊಂಡು ಪಂಪ್ ಮನೆ ಒಳಗೇ ನಿಂತ್ಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಸಿಮ್, ಅದರೊಳಗೆ ನೆಟ್‌ವರ್ಕ್ ಟೈಪ್ ಇರುತ್ತೆ. 2ಜಿ ಮಾತ್ರ ಆರಿಸಿ ಒಂದು ಕಾಲ್ ಮಾಡಿ. ಆಮೇಲೆ 4ಜಿಗೆ ಬದಲಿಸಿ ಇನ್ನೊಂದು. ಮನೆ ಅಂಗಳದಲ್ಲಿ ನೋಡಿದ ಸಿಗ್ನಲ್ ಲೆಕ್ಕಕ್ಕಿಲ್ಲ. ಸಿಮ್ ಹಾಕಿದ ಮೇಲೆ ಪೆಟ್ಟಿಗೆಗೆ ಫೋನ್ ಮಾಡಿ, ಮೋಟಾರ್ ಓಡಿದ್ದು ಕಣ್ಣಾರೆ ನೋಡಿಯೇ ಊರು ಬಿಡಿ.

ನಮ್ಮ ಬೋರ್ ಹತ್ತಿರ 4ಜಿ ಒಂದೇ ಕಡ್ಡಿ ಬರ್ತಿತ್ತು. ಕಬ್ಬಿಣದ ಪೆಟ್ಟಿಗೆ ಒಳಗಿದ್ದ ಆಂಟೆನಾ ಹೊರಗೆ ತಂದು ಕಂಬಕ್ಕೆ ಕಟ್ಟಿದ ಮೇಲೆ ಎರಡಾಯ್ತು. ಹಳೇ ಸ್ಟಾರ್ಟರನ್ನ ಪಕ್ಕದ ತೋಟದ ಅಣ್ಣ ತಗೊಂಡ್ರು, 2ಜಿ ಇರೋ ತನಕ ಮಾತ್ರ ಅಂತ ಹೇಳೇ ಕೊಟ್ಟಿದ್ದೀನಿ.